ಧ್ಯಾನಕ್ಕ ಕೂತ್ರ ನೆತ್ತಿ ಜುಮ್ಮಂತದ, ಹುಬ್ಬಿನ ನಡುವ ಒತ್ತಡ: ಗುಳಿಗಿದಾ, ಧ್ಯಾನದ್ದಾ?

ರಾಯಚೂರು ಓದುಗ:
ಎಲ್ಲರಿಗೂ ಶರಣು. ರಾಯಚೂರಿನಾಗ ರೂಮ್ ಮಾಡಿಕೊಂಡು ಕೆಎಎಸ್‌ಗೆ ಓದ್ಲಿಕತ್ತೀನಿ. ವಯಸ್ಸು 26. ಬಿಪಿ, ಶುಗರ್ ಏನೂ ಇಲ್ಲ. ಮನ್ಯಾಗ ಹೇಳಿದ್ರ ಹೆದರ್ತಾರ, ಅದಕ್ಕ ಇಲ್ಲಿ ಕೇಳ್ಲಿಕತ್ತೀನಿ.

ಓದಿದ್ದು ತಲ್ಯಾಗ ನಿಲ್ಲವಲ್ದು ಅಂತ ಆನ್‌ಲೈನ್‌ನಾಗ ಒಂದು ಬ್ರೇನ್ ಬೂಸ್ಟರ್ ಕ್ಯಾಪ್ಸೂಲ್ ತರಿಸೀನಿ. ಡಬ್ಬಿ ಮ್ಯಾಲ ಬರೆದದ್ದು ಇಷ್ಟು: ಬ್ರಾಹ್ಮಿ ಸಾರ 300 ಮಿಗ್ರಾಂ, ಎಲ್-ಥಿಯಾನಿನ್ 200, ಕೆಫೀನ್ 100, ನಿಯಾಸಿನ್ 50, ಬಿ6 25, ಜತಿಗೆ ಬಿ12. ಆಮ್ಯಾಲ ಯೂಟ್ಯೂಬ್ ನೋಡಿ ಆಲ್ಫಾ ಜಿಪಿಸಿ ಅನ್ನೋ ಇನ್ನೊಂದು ಸಪ್ಲಿಮೆಂಟ್ 300 ಮಿಗ್ರಾಂ ಸೇರಿಸೀನಿ. ರಾತ್ರಿ ಅಶ್ವಗಂಧ. ಧ್ಯಾನನೂ ಅದೇ ಹೊತ್ತಿಗೆ ಶುರು ಆಯ್ತು. ಬೆಳಿಗ್ಗೆ ಖಾಲಿ ಹೊಟ್ಟಿಲೆ ಕ್ಯಾಪ್ಸೂಲ್ ನುಂಗಿ, ಜೋರಾಗಿ ಭಸ್ತ್ರಿಕಾ ಪ್ರಾಣಾಯಾಮ ಮಾಡಿ, ಕಣ್ಣು ಮುಚ್ಚಿ ಹುಬ್ಬಿನ ನಡುವ ಗಮನ ಇಟ್ಟು ಕೂಡ್ತೀನಿ.

ಈಗ ಆಗ್ಲಿಕತ್ತದ್ದು ಏನಪಾ ಅಂದ್ರ: ಕೂತು ಸ್ವಲ್ಪ ಹೊತ್ತಿಗೆ ನೆತ್ತಿ, ಕಿವಿ, ಕುತ್ತಿಗಿ ಬಿಸಿ ಆಗಿ ಇರುವಿ ಹರಿದಂಗ ಜುಮುಜುಮು ಅಂತದ. ಹುಬ್ಬಿನ ನಡುವ ಒತ್ತಡ ಬರ್ತದ, ಅದು ಎದ್ದ ಮ್ಯಾಲೂ ತಾಸುಗಟ್ಟಲೆ ಇರ್ತದ. ಮೂರನೇದ್ದು ಬ್ಯಾರೆ. ರಾತ್ರಿ ನಿದ್ದಿ ಹತ್ತೋ ಹೊತ್ತಿಗೆ ತಲಿ ಒಳಗ ಟಪ್ ಅಂತ ದೊಡ್ಡ ಸದ್ದಾಗಿ ಮೈ ಝಲ್ ಅಂತದ. ನೋವಿಲ್ಲ, ಆದ್ರ ಎದಿ ಹೊಡ್ಕೊಂತದ.

ಇದು ಗುಳಿಗಿಯಿಂದನಾ, ಧ್ಯಾನದಿಂದನಾ? ಒಳ್ಳೇದಾ, ಕೆಟ್ಟದ್ದಾ? ಗೊತ್ತಿದ್ದೋರು ಹೇಳ್ರಿ.

ದೇವದುರ್ಗ ಸಾಧಕ:
ತಮ್ಮಾ, ಹೆದರಬ್ಯಾಡ. ಹುಬ್ಬಿನ ನಡುವಿನ ಆಜ್ಞಾಚಕ್ರದಾಗ ಒತ್ತಡ, ನೆತ್ತಿ ಮ್ಯಾಲಿನ ಸಹಸ್ರಾರದಾಗ ಜುಮುಜುಮು. ಇದು ಶಕ್ತಿ ಏಳೋ ಲಕ್ಷಣ. ಎಷ್ಟೋ ವರ್ಷ ಕೂತವ್ರಿಗೆ ಆಗದ್ದು ನಿನಗ ಬೇಗ ಆಗ್ಯಾದ. ಧ್ಯಾನ ಮಾತ್ರ ಬಿಡಬ್ಯಾಡ, ಇನ್ನೂ ಹೆಚ್ಚು ಹೊತ್ತು ಕೂಡು.

ಸಿರುಗುಪ್ಪ:
ನಂಗೂ ಹಂಗೇ ಆಗುತ್ತೆ, ಆದ್ರೆ ನಾನು ಗುಳಿಗೆ ಗಿಳಿಗೆ ಏನೂ ತಗೊಳ್ಳಲ್ಲ. ಉತ್ತರ ನಂಗೂ ಬೇಕು.

ಗಂಗಾವತಿ ಮೆಡಿಕಲ್:
ತಮ್ಮಾ, ಡಬ್ಬಿ ಮ್ಯಾಲಿನ ಲೆಕ್ಕ ಪೂರಾ ಬರದೀಯಲ್ಲ, ಚಲೋ ಆತು. ಹಿಂಗ ಬರದ್ರ ಏನರ ಹೇಳಾಕ ಬರತೈತಿ. ಗಂಗಾವತ್ಯಾಗ ನನ್ನ ಔಷಧಿ ಅಂಗಡಿ ಐತಿ, ಬಿ.ಫಾರ್ಮ ಓದೀನಿ.

ಎಲ್ಲಕ್ಕಿಂತ ಮೊದಲು ಆ ನಿಯಾಸಿನ್ ನೋಡು. ಅದು ಬಿ3 ಜೀವಸತ್ವ. ದಿನಕ್ಕ ಒಬ್ಬರಿಗೆ ಬೇಕಾಗಿದ್ದು 20 ಮಿಗ್ರಾಂಗಿಂತ ಕಡಿಮಿ. ಅದು ನಿಕೋಟಿನಿಕ್ ಆಮ್ಲದ ರೂಪದಾಗ 30ರಿಂದ 50 ಮಿಗ್ರಾಂ ಒಮ್ಮಿಗೇ ಹೊಟ್ಟಿಗೆ ಬಿದ್ರ ಚರ್ಮದಾಗ ಪ್ರೊಸ್ಟಾಗ್ಲಾಂಡಿನ್ ಅನ್ನೋದು ಬಿಡುಗಡಿ ಆಗಿ ಸಣ್ಣ ರಕ್ತನಾಳ ಅಗಲ ಆಗತಾವು. ಮುಖ, ಕಿವಿ, ಕುತ್ತಿಗಿ, ನೆತ್ತಿ ಬಿಸಿ ಆಗತಾವು, ಕೆಂಪ ಆಗತಾವು, ಚುರುಚುರು ಅಂತಾವು. ಖಾಲಿ ಹೊಟ್ಟಿ ಇದ್ರ ಇನ್ನೂ ಜೋರು. ನುಂಗಿದ ಕಾಲು ತಾಸು, ಅರ್ಧ ತಾಸಿನಾಗ ಶುರು ಆಗಿ ತಾಸಿನ ಆಸುಪಾಸು ಇಳದ ಹೋಗತೈತಿ. ಇದಕ್ಕ ನಿಯಾಸಿನ್ ಫ್ಲಶ್ ಅಂತಾರ. ನೀ ಕ್ಯಾಪ್ಸೂಲ್ ನುಂಗಿ, ಭಸ್ತ್ರಿಕಾ ಮುಗಿಸಿ, ಧ್ಯಾನಕ್ಕ ಕೂಡೂದಕ್ಕೂ ಅದು ಶುರು ಆಗೂದಕ್ಕೂ ಟೈಮ್ ಸರಿ ಹೊಂದತೈತಿ. ನಿಕೋಟಿನಮೈಡ್ ರೂಪ ಇದ್ರ ಫ್ಲಶ್ ಆಗೂದಿಲ್ಲ. ಅದಕ್ಕ ಡಬ್ಬಿ ಹಿಂದ ಸಣ್ಣ ಅಕ್ಷರದಾಗ ಯಾವ ರೂಪ ಬರದಾರ ನೋಡಿ ಹೇಳು.

ಎರಡನೇದು ಬಿ6. ದಿನಕ್ಕ ಬೇಕಾಗಿದ್ದು 2 ಮಿಗ್ರಾಂ ಆಜುಬಾಜು, ನಿಂದ್ರಾಗ 25 ಐತಿ. ಬಿ6 ಹೆಚ್ಚಾಗಿ ಬಾಳ ದಿನ ತಗೊಂಡ್ರ ಕೈಕಾಲಿನ ನರಕ್ಕ ಪೆಟ್ಟು ಬೀಳತೈತಿ. ಜೋಮು, ಚುಚ್ಚಿದಂಗ ಆಗೂದು ಅದರ ಗುರ್ತು. ಅಮೆರಿಕಾದಾಗ ಮೇಲ್ಮಿತಿ 100 ಮಿಗ್ರಾಂ ಇಟ್ಟಾರ, ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2023ರಾಗ ತನ್ನ ಮೇಲ್ಮಿತಿನ 12ಕ್ಕ ಇಳಿಸೈತಿ. ನಿನಗ ಆಗಿದ್ದು ಇದರಿಂದನ ಅಂತ ನಾ ಅನ್ನಾಕತ್ತಿಲ್ಲ, ನಿಂದು ಬಂದು ಹೋಗೂ ಜುಮುಜುಮು. ಆದ್ರ ತಿಂಗಳಗಟ್ಟಲೆ ನುಂಗು ಪದಾರ್ಥ ಅಲ್ಲ ಅದು.

ಬ್ರಾಹ್ಮಿ ಬಗ್ಗೆ. ಡಬ್ಬ್ಯಾಗ ಬರೂದು ಸಾಮಾನ್ಯವಾಗಿ ನೀರುಬ್ರಾಹ್ಮಿ, ಒಂದೆಲಗ ಅಲ್ಲ. ನೆನಪಿನಶಕ್ತಿ ಮ್ಯಾಲ ನಡೆಸಿದ ಪ್ರಯೋಗದಾಗ ಅದನ್ನ 8ರಿಂದ 12 ವಾರ ಬಿಡದ ಕೊಟ್ಟು ನೋಡ್ಯಾರ. ಅಂದ್ರ ನುಂಗಿದ ಅರ್ಧ ತಾಸಿಗೆ ತಲ್ಯಾಗ ಏನರ ಆತು ಅಂದ್ರ ಅದು ಬ್ರಾಹ್ಮಿ ಬುದ್ಧಿಗೆ ಮಾಡಿದ ಉಪಕಾರ ಅಲ್ಲ. ಅದು ಬೇಗ ಮಾಡೂದು ಹೊಟ್ಟಿ ತೊಳಸೂದು, ಭೇದಿ. ಆಲ್ಫಾ ಜಿಪಿಸಿ ಕೋಲಿನ್ ಅನ್ನೂ ಪೋಷಕಾಂಶ ಕೊಡೂ ಪದಾರ್ಥ, ಕೆಲವ್ರಿಗೆ ತಲಿನೋವು ತರತೈತಿ. ಕೆಫೀನ್ 100, ಮ್ಯಾಲ ನಿನ್ನ ಚಾ. ದಿನಕ್ಕ ಎಷ್ಟು ಕಪ್ಪು?

ಇನ್ನೊಂದು ಮಾತು. ಬುದ್ಧಿ ಚುರುಕು ಮಾಡತೈತಿ ಅನ್ನೂ ಇಂಥ ಗುಳಿಗಿಗೆ ನೂಟ್ರೋಪಿಕ್ ಅನ್ನೂ ಹೆಸರು ಕೊಟ್ಟವ್ರು ಕಾರ್ನೆಲಿಯು ಜುರ್ಜಿಯಾ ಅನ್ನೂ ವಿಜ್ಞಾನಿ, 1972ರಾಗ. ಅದಕ್ಕೂ ಮೊದಲ, 1964ರಾಗ, ಬೆಲ್ಜಿಯಂ ಕಂಪನಿಯೊಳಗ ಪಿರಾಸೆಟಾಮ್ ಅನ್ನೂ ಔಷಧ ತಯಾರು ಮಾಡಿದವ್ರೂ ಅವ್ರ. ಆ ಹೆಸರಿಗೆ ಅವ್ರು ಹಾಕಿದ ಷರತ್ತಿನಾಗ ಒಂದು, ಅಡ್ಡಪರಿಣಾಮ ತೀರಾ ಕಡಿಮಿ ಇರಬೇಕು ಅಂತ. ಇವತ್ತು ಆ ಹೆಸರಿನ ಮ್ಯಾಲ ಮಾರೂ ಬಹಳಷ್ಟು ಡಬ್ಬಿ ಆ ಷರತ್ತಿನ ಹತ್ರನೂ ಬರೂದಿಲ್ಲ. ಪಿರಾಸೆಟಾಮ್ ನಮ್ಮ ದೇಶದಾಗ ವೈದ್ಯರ ಚೀಟಿ ಇಲ್ದ ಕೊಡೂ ಹಂಗಿಲ್ಲ. ಯಾರರ ಕೊಡಿಸ್ತೀನಿ ಅಂದ್ರ ತಗೋಬ್ಯಾಡ.

ಬಳ್ಳಾರಿ ಜಿಮ್:
ಅಣ್ಣಾ, ಚುರುಚುರು ಅಂದ ಕೂಡ್ಲೇ ನಂಗೆ ನೆನಪಾಗಿದ್ದು ಬೀಟಾ-ಅಲನಿನ್. ಪ್ರೀ-ವರ್ಕೌಟ್ ಪುಡಿಯಲ್ಲಿ ಇರುತ್ತೆ. ಕುಡಿದು ಕಾಲು ಗಂಟೆಗೆ ಮುಖ, ಕುತ್ತಿಗೆ, ಕೈ ಎಲ್ಲಾ ಚುರುಗುಟ್ಟುತ್ತೆ. ಜಿಮ್‌ನಲ್ಲಿ ಹೊಸ ಹುಡುಗ್ರು ಪವರ್ ಬಂತು ಅನ್ಕೋತಾರೆ. ಅದು ಚರ್ಮದ ನರದ ಆಟ ಅಷ್ಟೇ, ಶಕ್ತಿಗೂ ಅದಕ್ಕೂ ಸಂಬಂಧ ಇಲ್ಲ. ನೀವು ಜಿಮ್ ಪುಡಿ ಏನಾದ್ರೂ ತಗೋತೀರಾ?

ರಾಯಚೂರು ಓದುಗ:
ಜಿಮ್ ಪುಡಿ ಇಲ್ಲ. ಡಬ್ಬಿ ಹಿಂದ ನೋಡ್ದೆ, ನಿಕೋಟಿನಿಕ್ ಆಸಿಡ್ ಅಂತಾನೇ ಬರದಾರ. ಚಾ ದಿನಕ್ಕ ನಾಕೈದು ಆಗ್ತಾವ್ರಿ, ಲೈಬ್ರರಿ ಮುಂದಿನ ಅಂಗಡ್ಯಾಗ. ನಿದ್ದಿ ಐದು ತಾಸು, ಕೆಲವೊಮ್ಮೆ ಅದಕ್ಕಿಂತ ಕಡಿಮಿ. ರೂಮು ಮ್ಯಾಲಿನ ಮಹಡ್ಯಾಗ, ತಗಡಿನ ಪತ್ರಾಸ್ ಹೊದಿಸಿದ್ದು, ಈಗಿನ ಬಿಸಲಿಗೆ ರಾತ್ರಿ ಹನ್ನೆರಡಾದ್ರೂ ಕಾವು ಇಳಿಯಂಗಿಲ್ಲ.

ಮಾನ್ವಿ ಮಾಸ್ತರ:
ಮಗಾ, ನಾನು ನಿವೃತ್ತ ಶಿಕ್ಷಕ. ಇಷ್ಟಲಿಂಗ ಪೂಜೆ, ಶಿವಯೋಗ ಚಿಕ್ಕಂದಿನಿಂದ ಮಾಡಿಕೊಂಡು ಬಂದವ. ಔಷಧದ ಬಗ್ಗೆ ಗಂಗಾವತಿಯವರು ಹೇಳಿದ್ದೇ ಸಾಕು. ಕೂಡುವ ರೀತಿಯ ಬಗ್ಗೆ ನಾನು ಒಂದು ಮಾತು ಹೇಳತೀನಿ.

ಹುಬ್ಬಿನ ನಡುವೆ ಗಮನ ಇಡು ಅಂದರೆ ಹೊಸಬರು ಮಾಡೂದು ಏನು? ಮುಚ್ಚಿದ ರೆಪ್ಪೆಯ ಒಳಗೆ ಎರಡೂ ಕಣ್ಣುಗುಡ್ಡೆಗಳನ್ನ ಮ್ಯಾಲಕ್ಕೆ, ಒಳಕ್ಕೆ ಎಳೆದು ಹಿಡೀತಾರ. ಹುಬ್ಬು ಗಂಟಿಕ್ಕತಾರ, ಹಲ್ಲು ಕಚ್ಚತಾರ. ತಮಗೆ ಗೊತ್ತೇ ಆಗೂದಿಲ್ಲ. ಮುಂದ ಒಬ್ಬರನ್ನ ಕೂಡಿಸಿ ನಿನ್ನ ಮುಖ ನೋಡಾಕ ಹೇಳು, ಇಲ್ಲಾ ಮೊಬೈಲ್ ಇಟ್ಟು ವಿಡಿಯೊ ಮಾಡಿಕೋ. ಅಂಗೈಯಲ್ಲಿ ಲಿಂಗ ಹಿಡಿದು ದೃಷ್ಟಿ ಇಡುವಾಗಲೂ ನಮ್ಮ ಹಿರಿಯರು ಹೇಳುತ್ತಿದ್ದದ್ದು, ದೃಷ್ಟಿ ಇಡು ಆದರೆ ಕಣ್ಣು ಬಿಗಿಯಬ್ಯಾಡ ಅಂತ. ಕಣ್ಣೀರು ಬಂದರೆ, ಹಣಿ ಬಿಗಿದರೆ, ಅಲ್ಲಿಗೇ ಬಿಡು ಅಂತಿದ್ದರು. ಗಮನ ಎದೆಯ ಉಸಿರಿನ ಮ್ಯಾಲೋ, ಮೂಗಿನ ತುದಿಯ ಗಾಳಿಯ ಮ್ಯಾಲೋ ಇಟ್ಟು ನೋಡು. ಒತ್ತಡ ಕಡಿಮಿ ಆದರ ಅದು ಕಣ್ಣಿನ ಶ್ರಮ ಅಂತ ತಿಳಿ.

ಭಸ್ತ್ರಿಕಾ ಸದ್ಯಕ್ಕ ಬಿಡು. ಕಲಿಸುವವರು ಎದುರಿಗಿಲ್ಲದ ಯೂಟ್ಯೂಬ್ ನೋಡಿ ಜೋರು ಉಸಿರಿನ ಕ್ರಿಯೆ ಬ್ಯಾಡ.

ದೇವದುರ್ಗ ಸಾಧಕ:
ಮಾಸ್ತರ್ರೆ, ನಿಮ್ಮ ಮ್ಯಾಲ ಗೌರವ ಇಟ್ಟೇ ಕೇಳ್ತೀನಿ. ಎಲ್ಲಾನೂ ಸ್ನಾಯು, ನರ, ವಿಟಮಿನ್ ಅಂದ್ಬಿಟ್ರ ನಮ್ಮ ಹಿರಿಯರ ಅನುಭವಕ್ಕ ಏನು ಬೆಲಿ ಉಳೀತದ? ಈ ನೆಲದಾಗ ಶರಣರು ಆಗಿ ಹೋಗ್ಯಾರ, ದಾಸರು ಆಗಿ ಹೋಗ್ಯಾರ. ಅವರು ಹೇಳಿದ ಒಳಗಿನ ಅನುಭವ ಸುಳ್ಳಾ?

ಮಾನ್ವಿ ಮಾಸ್ತರ:
ಸುಳ್ಳು ಅಂತ ಯಾರೂ ಅಂದಿಲ್ಲಪ್ಪ. ವಿಜಯದಾಸರ ಚೀಕಲಪರವಿ ನಮ್ಮ ತಾಲ್ಲೂಕಿನದೇ. ಜಗನ್ನಾಥದಾಸರು ಇದೇ ಮಾನ್ವಿಯಲ್ಲಿ ಇದ್ದವರು. ಅವರ ಮ್ಯಾಲ ನನಗೂ ಅಷ್ಟೇ ಭಕ್ತಿ. ಆದರ ಹಿರಿಯರ ಮಾತು ಅಂದಮ್ಯಾಲ ಪೂರಾ ಕೇಳಬೇಕು. 15ನೇ ಶತಮಾನದ ಸ್ವಾತ್ಮಾರಾಮ ಯೋಗಿಯ ಹಠಯೋಗ ಪ್ರದೀಪಿಕೆ ತೆಗೆದು ನೋಡು. ಎರಡನೆಯ ಅಧ್ಯಾಯದಾಗ, ಉಸಿರು ಕೆಟ್ಟ ರೀತಿಯಲ್ಲಿ ಕೆರಳಿದರೆ ಬಿಕ್ಕಳಿಕೆ, ದಮ್ಮು, ಕೆಮ್ಮು, ತಲೆ, ಕಿವಿ, ಕಣ್ಣಿನ ನೋವು ಬರತಾವು ಅಂತ ಸ್ಪಷ್ಟ ಬರೆದಾರ. ತಲೆಯಲ್ಲಿ ಏನಾದರೂ ಆದರ ಅದು ಸಿದ್ಧಿ ಅಂತ ಅವರು ಹೇಳಲಿಲ್ಲ. ಎಚ್ಚರ ಅಂತ ಹೇಳಿದರು. ಪ್ರಾಣಾಯಾಮ ಮೆಲ್ಲಗೆ, ತಕ್ಕಷ್ಟೇ, ಗುರುವಿನ ಎದುರು ಮಾಡು ಅಂತ ಹೇಳಿದರು.

ಇನ್ನೂ ಒಂದು. ಸಾಧನೆ ಮಾಡಿದವರು ಯಾರೂ ನೆತ್ತಿ ಜುಮ್ಮನ್ನೂದನ್ನ ಗುರಿ ಮಾಡಿಕೊಂಡವರಲ್ಲ. ಈ ಹುಡುಗ ಅದನ್ನೇ ಕಾಯುತ್ತಾ ಕೂತರ ಧ್ಯಾನ ಎಲ್ಲಿ ಉಳೀತು?

ದೇವದುರ್ಗ ಸಾಧಕ:
ಆ ಶ್ಲೋಕ ನೋಡಿದೆ. ಸರಿ ಅದ. ಹೆಚ್ಚು ಹೊತ್ತು ಕೂಡು ಅಂದ ಮಾತು ಹಿಂದಕ್ಕ ತಗೋತೀನಿ. ಆದ್ರ ಎಲ್ಲಾ ಅನುಭವನೂ ಗುಳಿಗಿ ಅಡ್ಡಪರಿಣಾಮ ಅನ್ನೂದನ್ನ ಮಾತ್ರ ನಾ ಒಪ್ಪಂಗಿಲ್ಲ.

ಬಳ್ಳಾರಿ ನರವೈದ್ಯೆ:
ಬಳ್ಳಾರಿಯಲ್ಲಿ ನರರೋಗ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಇಲ್ಲಿ ಬರೆಯುವುದು ತಪಾಸಣೆಗೆ ಬದಲಿ ಆಗದು, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ಇಂಥ ದೂರು ಹೇಳಿಕೊಂಡು ಓದುವ ಮಕ್ಕಳು ಬರುವುದು ಹೆಚ್ಚಾಗಿದೆ, ಅದಕ್ಕೆ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮಿದುಳಿನ ಅಂಗಾಂಶಕ್ಕೆ ನೋವಾಗಲಿ ಸ್ಪರ್ಶವಾಗಲಿ ತಿಳಿಯುವುದಿಲ್ಲ. ಅದಕ್ಕೇ ರೋಗಿ ಎಚ್ಚರವಿದ್ದು ಮಾತಾಡುತ್ತಿರುವಾಗಲೇ ಕೆಲವು ಮಿದುಳಿನ ಶಸ್ತ್ರಚಿಕಿತ್ಸೆ ಮಾಡಲು ಸಾಧ್ಯವಾಗುತ್ತದೆ. ತಲೆಯಲ್ಲಿ ನಮಗೆ ಒತ್ತಡ, ಬಿಸಿ, ಜುಮ್ಮು ಅಂತ ಅನ್ನಿಸುವುದು ಬಹುಪಾಲು ನೆತ್ತಿಯ ಚರ್ಮ, ಹಣೆ ಮತ್ತು ಕಪೋಲದ ಸ್ನಾಯು, ರಕ್ತನಾಳ, ಮಿದುಳಿನ ಹೊದಿಕೆ, ಕುತ್ತಿಗೆಯ ನರ, ಇವುಗಳಿಂದ. ಹಣೆಯಿಂದ ನೆತ್ತಿಯವರೆಗಿನ ಸುದ್ದಿ ಟ್ರೈಜೆಮಿನಲ್ ನರದ ಮೂಲಕ ಹೋಗುತ್ತದೆ, ಹಿಂಭಾಗದ್ದು ಕುತ್ತಿಗೆಯ ಮೇಲಿನ ನರಗಳ ಮೂಲಕ. ಎರಡೂ ಮಿದುಳುಕಾಂಡದಲ್ಲಿ ಒಂದೇ ಕಡೆ ಸೇರುವುದರಿಂದ ಕುತ್ತಿಗೆ ಬಿಗಿದರೂ ಹಣೆಯಲ್ಲಿ ಒತ್ತಡ ಅನ್ನಿಸಬಹುದು. ದಿನವಿಡೀ ಕುತ್ತಿಗೆ ಬಗ್ಗಿಸಿ ಓದುವವರಿಗೆ ಇದು ತೀರಾ ಸಾಮಾನ್ಯ. ಹಾಗಾಗಿ ‘ಮಿದುಳು ಚುರುಕಾಗುತ್ತಿರುವುದು ಗೊತ್ತಾಗುತ್ತಿದೆ’ ಎಂದು ಯಾರಾದರೂ ಡಬ್ಬಿ ಮಾರಿದರೆ ನಂಬಬೇಡಿ. ಮಿದುಳು ಚುರುಕಾದರೆ ನೆತ್ತಿಗೆ ತಿಳಿಯುವ ದಾರಿಯೇ ಇಲ್ಲ.

ಭಸ್ತ್ರಿಕಾ ಬಗ್ಗೆ ಮಾಸ್ತರರು ಹೇಳಿದ್ದಕ್ಕೆ ದೇಹದ ಕಾರಣವೂ ಇದೆ. ಜೋರಾಗಿ ಬೇಗಬೇಗ ಉಸಿರಾಡಿದರೆ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ. ಅದು ಇಳಿದರೆ ಮಿದುಳಿನ ರಕ್ತನಾಳ ಕಿರಿದಾಗಿ ತಲೆ ಹಗುರ, ಕಣ್ಣು ಮಂಜು. ರಕ್ತ ಸ್ವಲ್ಪ ಕ್ಷಾರೀಯವಾಗಿ ಕ್ಯಾಲ್ಸಿಯಂ ಅಯಾನು ಕಡಿಮೆಯಾಗುವುದರಿಂದ ತುಟಿಯ ಸುತ್ತ, ಬೆರಳ ತುದಿಯಲ್ಲಿ ಜುಮ್ಮು. ಉಸಿರು ಸಹಜವಾದ ಕೆಲವೇ ನಿಮಿಷದಲ್ಲಿ ಇಳಿಯುತ್ತದೆ. ಸಿರುಗುಪ್ಪದವರೇ, ಗುಳಿಗೆ ಇಲ್ಲದೆಯೂ ನಿಮಗೆ ಆಗುತ್ತದೆ ಅಂದಿರಿ, ನೀವು ಉಸಿರಿನ ಕ್ರಿಯೆ ಏನಾದರೂ ಮಾಡುತ್ತೀರಾ?

ನಿದ್ದೆ ಹತ್ತುವಾಗ ತಲೆಯೊಳಗೆ ಸದ್ದಾಗುವುದಕ್ಕೆ ಎಕ್ಸ್‌ಪ್ಲೋಡಿಂಗ್ ಹೆಡ್ ಸಿಂಡ್ರೋಮ್ ಎನ್ನುತ್ತಾರೆ. ಹೆಸರು ಭಯ ಹುಟ್ಟಿಸುತ್ತದೆ, ಸಂಗತಿ ನಿರುಪದ್ರವಿ. ನೋವಿರುವುದಿಲ್ಲ. ನಿದ್ದೆ ಕಡಿಮೆಯಾದಾಗ, ಒತ್ತಡ ಹೆಚ್ಚಾದಾಗ ಜಾಸ್ತಿ. ಐದು ತಾಸು ನಿದ್ದೆ, ಕಾದ ಪತ್ರಾಸಿನ ಕೆಳಗೆ, ಸಂಜೆಯವರೆಗೂ ಚಹಾ. ಕೆಫೀನ್ ಅರ್ಧ ಇಳಿಯಲು ಸುಮಾರು ಐದು ತಾಸು ಬೇಕು, ಸಂಜೆ ಆರಕ್ಕೆ ಕುಡಿದದ್ದು ರಾತ್ರಿ ಹನ್ನೊಂದಕ್ಕೂ ಅರ್ಧ ಉಳಿದಿರುತ್ತದೆ. ನೆನಪಿನಶಕ್ತಿ ಬೇಕೆಂದು ಇಷ್ಟೆಲ್ಲ ಮಾಡುತ್ತಿದ್ದೀರಿ, ಆದರೆ ಓದಿದ್ದು ನೆನಪಾಗಿ ನೆಲೆಯೂರುವುದು ನಿದ್ದೆಯಲ್ಲೇ. ನಾನು ಹೇಳುವ ಎಲ್ಲಕ್ಕಿಂತ ಇದನ್ನೇ ಒತ್ತಿ ಹೇಳುತ್ತೇನೆ.

ಬೇಸಿಗೆಯಲ್ಲಿ ನಮ್ಮ ರಾಯಚೂರು, ಕೊಪ್ಪಳ, ಬಳ್ಳಾರಿ ಮೂರೂ ಜಿಲ್ಲೆ 40 ಡಿಗ್ರಿ ದಾಟುತ್ತವೆ. ನೀರು ಕಡಿಮೆಯಾದರೂ ತಲೆ ಭಾರ, ಎದ್ದರೆ ಕಣ್ಣುಕತ್ತಲೆ. ಮಜ್ಜಿಗೆಗೆ ಉಪ್ಪು ಹಾಕಿ ಕುಡಿಯಿರಿ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಎಚ್ಚರ. ತಲೆನೋವು ಸಿಡಿಲು ಹೊಡೆದ ಹಾಗೆ ಒಂದೇ ನಿಮಿಷದೊಳಗೆ ತಾರಕಕ್ಕೆ ಏರಿದರೆ, ಮುಖ ಅಥವಾ ಕೈಕಾಲು ಒಂದು ಕಡೆ ಸೋತರೆ, ಮಾತು ತೊದಲಿದರೆ, ದೃಷ್ಟಿ ಹೋದರೆ, ಜ್ವರದ ಜೊತೆ ಕುತ್ತಿಗೆ ಸೆಟೆದರೆ, ಫಿಟ್ಸ್ ಬಂದರೆ, ಪ್ರಜ್ಞೆ ತಪ್ಪಿದರೆ, ಇದ್ಯಾವುದಕ್ಕೂ ಇಲ್ಲಿ ಬಂದು ಕೇಳುತ್ತ ಕೂಡಬೇಡಿ. 108ಕ್ಕೆ ಕರೆ ಮಾಡಿ. ದಿನದಿಂದ ದಿನಕ್ಕೆ ಹೆಚ್ಚುತ್ತ ಹೋಗುವ, ಬೆಳಿಗ್ಗೆ ವಾಂತಿಯೊಂದಿಗೆ ಬರುವ ನೋವಿದ್ದರೂ ತಡಮಾಡದೆ ತೋರಿಸಿ.

ರಾಯಚೂರು ಓದುಗ:
ಡಾಕ್ಟ್ರೆ, ಬಾಳ ಧನ್ಯವಾದ. ಮಾತು ತೊದಲೋದು, ಕೈಕಾಲು ಸೋಲೋದು ಯಾವುದೂ ಇಲ್ಲ. ಎಂಆರ್‌ಐ ಮಾಡಿಸ್ಬೇಕಾ? ಊರಾಗ ಹೊಲದ ಖರ್ಚಿನ ಟೈಮ್ ಅದ, ರೊಕ್ಕಕ್ಕ ತ್ರಾಸ್ ಅದ.

ಬಳ್ಳಾರಿ ನರವೈದ್ಯೆ:
ಮೊದಲು ಕೈಯಿಂದ ತಪಾಸಣೆ ಆಗಲಿ. ಬಿಪಿ, ಕಣ್ಣಿನ ಹಿಂಪರದೆ, ನರಗಳ ಪರೀಕ್ಷೆ. ಅದೆಲ್ಲ ಸರಿಯಿದ್ದು ನಾನು ಹೇಳಿದ ಎಚ್ಚರದ ಲಕ್ಷಣ ಇಲ್ಲದಿದ್ದರೆ ಸ್ಕ್ಯಾನ್ ಬಹುಮಟ್ಟಿಗೆ ಬೇಕಾಗುವುದಿಲ್ಲ. ಅಲ್ಲೇ ರಾಯಚೂರಿನಲ್ಲಿ ರಿಮ್ಸ್ ಸರ್ಕಾರಿ ಆಸ್ಪತ್ರೆ ಇದೆ, ಕಡಿಮೆ ಖರ್ಚಿನಲ್ಲಿ ಆಗುತ್ತದೆ. ನುಂಗುವ ಎಲ್ಲ ಡಬ್ಬಿಗಳನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ ಮೇಜಿನ ಮೇಲಿಡಿ. ವಿಟಮಿನ್ ತಾನೇ ಎಂದು ರೋಗಿಗಳು ಹೇಳುವುದೇ ಇಲ್ಲ, ನಾವು ಕತ್ತಲಲ್ಲಿ ಹುಡುಕುತ್ತೇವೆ.

ಸಿರುಗುಪ್ಪ:
ಹೌದು ಮೇಡಂ, ಕಪಾಲಭಾತಿ ಮಾಡ್ತೀನಿ. ತುಟಿ ಸುತ್ತ ಜುಮ್ ಅನ್ನೋದೂ ನಿಜ. ಇಷ್ಟು ದಿನ ಶುಗರ್ ಬಂತೇನೋ ಅಂತ ಚಿಂತೆ ಮಾಡ್ತಿದ್ದೆ.

ಹೆಸರು ಬೇಡ:
ನಾನು ಸಿಂಧನೂರು ಕಡೆಯವಳು. ಖಿನ್ನತೆಗೆ ಸೆರ್ಟ್ರಾಲಿನ್ ತಗೋತಿದ್ದೆ, ಧ್ಯಾನ ಶುರು ಮಾಡಿದ ಮೇಲೆ ಬೇಡ ಅನಿಸಿ ಬಿಟ್ಟೀನಿ. ಈಗ ಕಣ್ಣು ಆಚೆ ಈಚೆ ತಿರುಗಿಸಿದರೆ ತಲೆಯಲ್ಲಿ ಕರೆಂಟ್ ಹೊಡೆದಂಗ ಆಗ್ತದ. ಗೆಳತಿ ಒಬ್ಬಾಕಿ 5-ಎಚ್‌ಟಿಪಿ ಅನ್ನೋ ಸಪ್ಲಿಮೆಂಟ್ ತಗೋ ಅಂತಾಳ.

ಬಳ್ಳಾರಿ ನರವೈದ್ಯೆ:
ತಂಗಿ, ಈ ಗುಳಿಗೆಗಳನ್ನು ಒಮ್ಮೆಲೇ ಬಿಟ್ಟಾಗ ಹೀಗೆ ಕರೆಂಟ್ ಹೊಡೆದಂತೆ ಆಗುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಮಿದುಳಿಗೆ ಹಾನಿಯಾಗಿದೆ ಅಂತಲ್ಲ, ಆದರೆ ಡೋಸ್ ನಿಧಾನಕ್ಕೆ ಇಳಿಸಬೇಕಿತ್ತು ಅಂತ. ನಾಳೆಯೇ ಬರೆದುಕೊಟ್ಟ ವೈದ್ಯರ ಹತ್ತಿರ ಹೋಗಿ, ನೀವೇ ಮತ್ತೆ ಶುರು ಮಾಡಬೇಡಿ. 5-ಎಚ್‌ಟಿಪಿ ಮುಟ್ಟಲೇಬೇಡಿ. ಖಿನ್ನತೆಯ ಗುಳಿಗೆಯ ಜೊತೆ ಅದು ಸೇರಿದರೆ ಸೆರೊಟೋನಿನ್ ಎಂಬ ಮಿದುಳಿನ ರಾಸಾಯನಿಕ ವಿಪರೀತವಾಗಿ ಏರಿ ಜ್ವರ, ನಡುಕ, ಗೊಂದಲ, ಕೆಲವೊಮ್ಮೆ ಜೀವಕ್ಕೇ ಅಪಾಯ. ಸೇಂಟ್ ಜಾನ್ಸ್ ವರ್ಟ್ ಎಂಬ ಗಿಡಮೂಲಿಕೆಯೂ ಅಷ್ಟೇ. ಮನಸ್ಸು ತೀರಾ ಕುಸಿದರೆ ರಾತ್ರಿಯಾದರೂ ಸರಿ, 14416ಕ್ಕೆ ಕರೆ ಮಾಡಿ. ಟೆಲಿ ಮಾನಸ್, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಕೊಪ್ಪಳದ ಅಕ್ಕ:
ತಂಗಿ, ಡಾಕ್ಟರ್ ಹೇಳಿದಂಗ ನಾಳೆ ಹೋಗು, ಒಬ್ಬಾಕಿ ಹೋಗಬ್ಯಾಡ, ಯಾರನ್ನರ ಕರಕೊಂಡು ಹೋಗು.

ಎಲ್ಲಾರೂ ಮೈಯಾಗ ಆಗೂದನ್ನ ಮಾತಾಡ್ತೀರಿ, ನಾ ಮನಸಿನ ಕಡಿಗೂ ಒಂದಿಷ್ಟು ಹೇಳತೀನಿ. ಸಮಾಲೋಚಕಿ ಆಗಿ ಕೆಲಸ ಮಾಡತೀನಿ. ಮೌನ ಶಿಬಿರದಿಂದ ಬಂದವ್ರು, ದಿನಾ ತಾಸುಗಟ್ಟಲೆ ಕೂಡವ್ರು, ಕೆಲವೊಬ್ರು ನನ್ನ ಮುಂದ ಹೇಳಿದ್ದು ಏನಂದ್ರ, ತಲಿ ಒತ್ತಡದ ಹಿಂದ ಜಗತ್ತೇ ಪರದೆ ಆಚೆ ಇದ್ದಂಗ ಅನಿಸಾಕ ಹತ್ತೈತಿ, ನನ್ನ ಕೈ ನಂದಲ್ಲ ಅನಿಸತೈತಿ, ನಿದ್ದಿ ಬರೂದಿಲ್ಲ. ಇವ್ರು ಯಾರೂ ನಾಟಕ ಮಾಡೂ ಮಂದಿ ಅಲ್ಲ. 2017ರಾಗ ಅಮೆರಿಕಾದ ಬ್ರೌನ್ ವಿಶ್ವವಿದ್ಯಾಲಯದ ವಿಲೋಬಿ ಬ್ರಿಟನ್ ಮತ್ತ ಅವ್ರ ಜತಿಗಾರರು 60 ಮಂದಿ ಧ್ಯಾನಿಗಳನ್ನ ಕೂಡ್ರಿಸಿ ಕೇಳಿ ಒಂದು ಅಧ್ಯಯನ ಪ್ರಕಟ ಮಾಡ್ಯಾರ. ಭಯ, ನಿದ್ದಿಗೇಡು, ಮೈಯಾಗ ವಿದ್ಯುತ್ ಹರಿದಂಗ ಆಗೂದು, ತಲಿ ಒತ್ತಡ, ಎಲ್ಲಾ ಅದರಾಗ ದಾಖಲಾಗೈತಿ. ಅಂದ್ರ ಗುಳಿಗಿ ಇಲ್ಲದನೂ ಧ್ಯಾನ ಒಂದರಿಂದನ ಹಿಂಗ ಆಗಬಹುದು. ದೇವದುರ್ಗದ ಅಣ್ಣಾರು ಅಂದಿದ್ದರಾಗ ಅಷ್ಟು ಮಾತ್ರ ನಾ ಒಪ್ಪತೀನಿ. ಆದ್ರ ಹಂಗ ಆದಾಗ ಮಾಡೂದು ಹೆಚ್ಚು ಕೂಡೂದಲ್ಲ, ಕಡಿಮಿ ಮಾಡೂದು. ಕಣ್ಣು ತಗದು ಕೂಡ್ರಿ, ಬರಿಗಾಲಿಲೆ ಅಡ್ಡಾಡ್ರಿ, ಮನಿ ಮಂದಿ ಜತಿ ಕೂತು ರೊಟ್ಟಿ ಉಣ್ರಿ, ಗಟ್ಟಿ ಕೆಲಸ ಮಾಡ್ರಿ. ಮನ್ಯಾಗ ಯಾರಿಗರ ಮನೋರೋಗ ಇದ್ರ ಶಿಬಿರಕ್ಕ ಹೋಗೂ ಮುಂಚೆ ವೈದ್ಯರನ್ನ ಕೇಳ್ರಿ.

ಇನ್ನೊಂದು, ಗಮನ ಅನ್ನೂದು ಬರಿ ನೋಡೂದಲ್ಲ, ನೋಡಿದ್ದನ್ನ ದೊಡ್ಡದು ಮಾಡತೈತಿ. ಈಗ ಇದನ್ನ ಓದಕೋತ ನಿಮ್ಮ ಎಡಗಾಲಿನ ಹೆಬ್ಬೆಟ್ಟಿನ ಮ್ಯಾಲ ಲಕ್ಷ ಕೊಡ್ರಿ, ಏನರ ಜುಮ್ ಅಂದ ಅಂತೈತಿ. ಈ ಹುಡುಗಗ ಏನೂ ಆಗಿಲ್ಲ ಅಂತಲ್ಲ, ಆಗಿದ್ದು ಭಯದಾಗ ಹತ್ತುಪಟ್ಟು ಬೆಳದೈತಿ.

ಮಾನಸಿಕ ಆರೋಗ್ಯ ಅಂದ್ರ ಬೆಂಗಳೂರಿಗೆ ಹೋಗಬೇಕು ಅಂತ ತಿಳಕೊಂಡಿರತಾರ ನಮ್ಮ ಮಂದಿ. 1985ರಿಂದ 1990ರ ತನಕ ನಿಮ್ಹಾನ್ಸ್‌ನವ್ರು ಬಳ್ಳಾರಿ ಜಿಲ್ಲಾದಾಗ, ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರ್‌ಗೆ ತರಬೇತಿ ಕೊಟ್ಟು ಅಲ್ಲೇ ಮಾನಸಿಕ ಚಿಕಿತ್ಸೆ ಸಿಗೂ ಹಂಗ ಮಾಡಿದ್ರು. ಬಳ್ಳಾರಿ ಮಾದರಿ ಅಂತನ ಅದಕ್ಕ ಹೆಸರು. 1996ರಾಗ ದೇಶಕ್ಕೆಲ್ಲಾ ಬಂದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹುಟ್ಟಿದ್ದು ಅದರಿಂದನ. ನಮ್ಮ ನೆಲದಾಗ ಬೆಳೆದದ್ದನ್ನ ನಾವ ಬಳಸ್ಲಿಲ್ಲ ಅಂದ್ರ ಹೆಂಗ? ಜಿಲ್ಲಾಸ್ಪತ್ರ್ಯಾಗ ಈ ವಿಭಾಗ ಐತಿ, ಹೋಗಿ ಕೇಳ್ರಿ, ನಾಚಿಕಿ ಬ್ಯಾಡ.

ತೋರಣಗಲ್ಲು ನೈಟ್ ಶಿಫ್ಟ್:
ನಡುವೆ ಬಂದೆ, ಕ್ಷಮಿಸಿ. ಫ್ಯಾಕ್ಟರಿಯಲ್ಲಿ ರಾತ್ರಿ ಪಾಳಿ. ಜೊತೆಗಿರೋನು ಮೊಡಾಫಿನಿಲ್ ಕೊಟ್ಟ, ಎಚ್ಚರ ಇರುತ್ತೆ ಅಂತ. ತಲೆ ಸುತ್ತ ಪಟ್ಟಿ ಕಟ್ಟಿದ ಹಾಗೆ ನೋವು. ಇದೂ ನೂಟ್ರೋಪಿಕ್ಕೇ ಅಂತೆ?

ಗಂಗಾವತಿ ಮೆಡಿಕಲ್:
ಅದು ಸಪ್ಲಿಮೆಂಟ್ ಅಲ್ಲಣ್ಣ, ಔಷಧ. ಶೆಡ್ಯೂಲ್ ಎಚ್, ಚೀಟಿ ಇಲ್ದ ಕೊಡೂದು ಕಾನೂನು ಪ್ರಕಾರ ತಪ್ಪು. ತಲಿನೋವು ಅದರ ಎಲ್ಲಕ್ಕಿಂತ ಸಾಮಾನ್ಯ ಅಡ್ಡಪರಿಣಾಮ. ಮೈಮ್ಯಾಲ ದದ್ದು ಎದ್ರ ಅದೇ ಕ್ಷಣ ಬಿಟ್ಟು ಆಸ್ಪತ್ರಿಗೆ ಹೋಗು, ಅಪರೂಪಕ್ಕ ಅದು ಬಾಳ ಗಂಭೀರ ಆಗತೈತಿ. ಹೆಣ್ಣುಮಕ್ಕಳಿಗೂ ಒಂದು ಮಾತು, ಗರ್ಭನಿರೋಧಕ ಗುಳಿಗಿಯ ಶಕ್ತಿ ಕಡಿಮಿ ಮಾಡತೈತಿ ಅದು. ಪಾಳಿ ಕೆಲಸದ ನಿದ್ದಿ ತೊಂದ್ರಿಗೆ ಡಾಕ್ಟರೇ ಅದನ್ನ ಬರಕೊಡೂದುಂಟು, ಆದ್ರ ಹೃದಯ, ಬಿಪಿ ನೋಡಿದ ಮ್ಯಾಲ. ಗೆಳೆಯ ಕೊಟ್ಟ ಅಂತ ನುಂಗಬ್ಯಾಡ.

ಓದುಗ ತಮ್ಮಾ, ನಿನಗ ಈಗ ಮಾಡೂದು ಹೇಳತೀನಿ. ಡಾಕ್ಟರ್ ಬ್ಯಾರೆ ಹೇಳಿದ್ರ ಅವ್ರದ ಕೇಳು. ಕ್ಯಾಪ್ಸೂಲ್, ಆಲ್ಫಾ ಜಿಪಿಸಿ, ಅಶ್ವಗಂಧ, ಮೂರೂ ನಿಲ್ಲಿಸು. ಚಾ ಮಾತ್ರ ಒಮ್ಮಿಗೇ ಬಿಡಬ್ಯಾಡ. ಕೆಫೀನ್ ಬಿಟ್ಟ 12ರಿಂದ 24 ತಾಸಿಗೆ ತಲಿನೋವು ಶುರು ಆಗಿ ಎರಡರಿಂದ ಒಂಬತ್ತು ದಿನ ಇರತೈತಿ, ಆಗ ಯಾವ ನೋವು ಯಾವುದರದು ಅಂತ ಗೊತ್ತಾಗದ ತಲಿ ಕೆಡತೈತಿ. ಕ್ಯಾಪ್ಸೂಲಿನ 100 ಹೆಂಗೂ ನಿಲ್ಲತೈತಿ. ಸಂಜೀ ಚಾ ಮೊದಲು ತಗಿ, ಆಮ್ಯಾಲ ಒಂದೊಂದ ಕಡಿಮಿ ಮಾಡು. ಧ್ಯಾನ ಮಾಡೂದಾದ್ರ ಮಾಸ್ತರ್ರು ಹೇಳಿದಂಗ, ಭಸ್ತ್ರಿಕಾ ಇಲ್ದ, ಕಣ್ಣು ಸಡಿಲ ಬಿಟ್ಟು, ಸ್ವಲ್ಪ ಹೊತ್ತು. ದಿನಾ ನೋಟ್‌ಬುಕ್ಕಿನಾಗ ಒಂದೊಂದು ಸಾಲು ಬರಿ: ನಿದ್ದಿ ಎಷ್ಟು, ಚಾ ಎಷ್ಟು, ತಲ್ಯಾಗ ಏನಾತು, ಯಾವ ಹೊತ್ತಿಗೆ. ಎರಡು ಕೆಲಸ ಒಂದೇ ದಿನ ಶುರು ಮಾಡಿದ್ರ ಯಾವುದು ಏನು ಮಾಡಿತು ಅಂತ ಡಾಕ್ಟರ್‌ಗೂ ಹೇಳಾಕ ಬರೂದಿಲ್ಲ. ಅದಕ್ಕ ಮತ್ತ ಏನರ ಶುರು ಮಾಡಬೇಕು ಅನಿಸಿದ್ರ ಒಂದೇ, ಅದೂ ವಾರಗಟ್ಟಲೆ ಬಿಟ್ಟು.

ಅಶ್ವಗಂಧಕ್ಕೂ ಒಂದು ಎಚ್ಚರ. ಗಿಡಮೂಲಿಕೆ ಅಂತ ಹಗುರಾಗಿ ತಿಳಕೋಬ್ಯಾಡ್ರಿ. ಥೈರಾಯ್ಡ್ ಗುಳಿಗಿ ತಗೋಳವ್ರು, ಬಸುರಿ ಇರೋರು ಕೇಳದ ತಗೋಬಾರದು. ಅಪರೂಪಕ್ಕ ಯಕೃತ್ತಿಗೆ ಪೆಟ್ಟಾಗಿದ್ದೂ ವರದಿ ಆಗೈತಿ. ಕಣ್ಣು ಹಳದಿ ಆದ್ರ, ಉಚ್ಚಿ ಗಾಢ ಬಣ್ಣ ಬಂದ್ರ ನಿಲ್ಲಿಸಿ ತೋರಿಸ್ರಿ. ಗಿಂಕೋ ಅನ್ನೂ ಗಿಡಮೂಲಿಕೆ ಇರೂ ಡಬ್ಬಿ ಯಾರರ ತಗೋತಿದ್ರ, ಆಸ್ಪಿರಿನ್ ಜತಿಗೆ ರಕ್ತ ಸೋರೂ ಅಪಾಯ ಐತಿ.

ಕುಷ್ಟಗಿ ಗೃಹಿಣಿ:
ನಮ್ಮ ಮನ್ಯಾಗ ಮಾಂಸ, ತತ್ತಿ ಏನೂ ಇಲ್ರಿ. ನಂಗೂ ನೆತ್ತಿ, ಅಂಗಾಲು ಜುಮ್ ಅಂತಿದ್ವು, ಮರವು ಬಾಳ ಆಗಿತ್ತು. ದೇವ್ರ ಮುಂದ ಕಣ್ಣು ಮುಚ್ಚಿದ್ರ ಜೋಲಿ ಹೊಡದಂಗ ಆಗತಿತ್ತು. ಡಾಕ್ಟರ್ ರಕ್ತ ತಗಸಿದ್ರ ಬಿ12 ಬಾಳ ಕಡಿಮಿ ಬಂತು, ಇಂಜೆಕ್ಷನ್ ಹಾಕ್ಯಾರ, ಈಗ ಎಷ್ಟೋ ಪಾಡೈತಿ. ಹುಡುಗ ಅದನ್ನೂ ನೋಡಿಸ್ಲಿ.

ಬಳ್ಳಾರಿ ನರವೈದ್ಯೆ:
ಅಮ್ಮನವರು ಹೇಳಿದ್ದು ತುಂಬ ಮುಖ್ಯ. ಕಣ್ಣು ಮುಚ್ಚಿದಾಗ ತೂಗಾಡುವುದು ಬಿ12 ಕೊರತೆಯಿಂದ ಬೆನ್ನುಹುರಿಯ ಹಿಂಭಾಗದ ನರಗಳು ಸೊರಗಿದಾಗ ಬರುವ ಲಕ್ಷಣ. ಸಸ್ಯಾಹಾರಿಗಳು ಇದನ್ನು ಕಡೆಗಣಿಸಬಾರದು. ಆದರೆ ಓದುಗ ನುಂಗುವ ಕ್ಯಾಪ್ಸೂಲಿನಲ್ಲೇ ಬಿ12 ಇದೆ. ಈಗ ಪರೀಕ್ಷೆ ಮಾಡಿಸಿದರೆ ಅಂಕಿ ಚೆನ್ನಾಗಿಯೇ ಕಾಣಬಹುದು, ಅದನ್ನು ನೋಡಿ ಎಲ್ಲ ಸರಿ ಅಂದುಕೊಳ್ಳಬಾರದು. ಕ್ಯಾಪ್ಸೂಲ್ ತಗೊಂಡದ್ದನ್ನು ವೈದ್ಯರಿಗೆ ಹೇಳಿ.

ರಾಯಚೂರು ಓದುಗ:
ಹೇಳ್ದಂಗ ಮಾಡೀನಿ, ಕೆಲವು ವಾರ ಆಯ್ತು. ಆಸ್ಪತ್ರಿಗೆ ಹೋಗಿ ಬಂದೆ. ಬಿಪಿ, ನರದ ಪರೀಕ್ಷೆ ಎಲ್ಲಾ ಸರಿ ಅದ ಅಂದ್ರು, ಸ್ಕ್ಯಾನ್ ಬ್ಯಾಡ ಅಂದ್ರು. ಕಣ್ಣಿನ ವಿಭಾಗಕ್ಕ ಕಳ್ಸಿದ್ರು, ಸಣ್ಣ ನಂಬರಿನ ಚಸ್ಮ ಬಂದದ.

ಕ್ಯಾಪ್ಸೂಲ್ ನಿಲ್ಲಿಸಿದ ಮ್ಯಾಲ ನೆತ್ತಿ ಬಿಸಿ ಆಗಿ ಜುಮುಜುಮು ಅನ್ನೋದು ಪೂರಾ ನಿಂತದ. ಮೊದಲೆರಡು ದಿನ ತಲಿ ಸಿಡೀತು, ಕೆಫೀನ್ ಮಾತು ನೆನಪಿದ್ದಕ್ಕ ಹೆದರಲಿಲ್ಲ. ಹುಬ್ಬಿನ ಒತ್ತಡ ಅರ್ಧಕ್ಕರ್ಧ ಕಡಿಮಿ ಆಗ್ಯಾದ, ಚಸ್ಮದಿಂದನಾ, ಗಮನ ಮೂಗಿನ ತುದಿಗೆ ತಂದದ್ದಕ್ಕಾ ಗೊತ್ತಿಲ್ಲ, ಎರಡೂ ಒಂದೇ ವಾರ ಆದ್ವು. ರಾತ್ರಿ ಟಪ್ ಅನ್ನೋದು ಇನ್ನೂ ಬರ್ತದ, ಆದ್ರ ಅಪರೂಪಕ್ಕ. ಕೆಳಗಿನ ಮನಿ ಓನರ್ ಮಹಡಿ ಮ್ಯಾಲ ಬಯಲಿನಾಗ ಮಲಗಾಕ ಬಿಟ್ಟಾರ, ನಿದ್ದಿ ಸುಧಾರಿಸ್ಯಾದ. ಧ್ಯಾನ ಬಿಟ್ಟಿಲ್ಲ ಮಾಸ್ತರ್ರೆ. ಓದಿದ್ದು ನೆನಪಿರೋದು ಕ್ಯಾಪ್ಸೂಲ್ ಇದ್ದಾಗ ಎಷ್ಟಿತ್ತೋ ಈಗಲೂ ಅಷ್ಟೇ ಅದ.

ಹೆಸರು ಬೇಡ:
ನಾನೂ ಡಾಕ್ಟರ್ ಹತ್ರ ಹೋಗಿ ಬಂದೆ. ಗುಳಿಗೆ ಮತ್ತೆ ಕೊಟ್ಟು ಮೆಲ್ಲಗೆ ಇಳಿಸೋಣ ಅಂದಾರ. ಅಕ್ಕ, ನೀವು ಹೇಳಿದಂಗ ತಮ್ಮನನ್ನ ಕರಕೊಂಡು ಹೋಗಿದ್ದೆ.

ಕೊಪ್ಪಳದ ಅಕ್ಕ:
ಚಲೋ ಮಾಡಿದಿ ನನ್ನವ್ವ.

ರಾಯಚೂರು ಓದುಗ:
ಗಂಗಾವತಿ ಅಣ್ಣಾರೆ, ಉಳಿದ ಡಬ್ಬಿ ಏನ್ ಮಾಡ್ಲಿ? ರೂಮ್‌ಮೇಟ್ ಕೊಡು ಅಂತಾನ.

ಗಂಗಾವತಿ ಮೆಡಿಕಲ್:
ಅವಗ ಕೊಡಬ್ಯಾಡ. ಡಬ್ಬಿ ಮ್ಯಾಲ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) 14 ಅಂಕಿ ಲೈಸೆನ್ಸ್ ನಂಬರ್ ಐತೇನು ನೋಡು, ಬ್ಯಾಚ್ ನಂಬರ್ ಜತಿ ಎರಡರದೂ ಫೋಟೊ ತಗದು ಇಟಗೋ. ಲೈಸೆನ್ಸ್ ನಂಬರ್ ಇಲ್ಲ ಅಂದ್ರ ಅದನ್ನ ಮಾರೂದ ತಪ್ಪು. ಆದ ತೊಂದ್ರಿನ 1800-180-3024ಕ್ಕ ಫೋನ್ ಮಾಡಿ ಬರಿಸು. ಔಷಧದ ಅಡ್ಡಪರಿಣಾಮ ದಾಖಲು ಮಾಡೂ ಸರ್ಕಾರಿ ಸಹಾಯವಾಣಿ ಅದು, ರೊಕ್ಕ ಬೀಳೂದಿಲ್ಲ. ಯಾವಾಗ ನುಂಗಿದಿ, ಎಷ್ಟು ಹೊತ್ತಿಗೆ ಶುರು ಆತು, ನಿಲ್ಲಿಸಿದ ಮ್ಯಾಲ ಏನಾತು ಅಂತ ಕೇಳತಾರ. ನಿನ್ನ ನೋಟ್‌ಬುಕ್ ಮುಂದ ಇಟಗೊಂಡು ಮಾತಾಡು.